ಅರವತ್ತು ದಾಟಿದವರು ಥೀಮ್ ಪಾರ್ಕಿಗೆ ಹೋದರೆ ಬರೀ ಬ್ಯಾಗ್ ಕಾಯಬೇಕಾ?

ಬೆಳಗಿನಬಿಸಿಲು
ಎಲ್ಲರಿಗೂ ನಮಸ್ಕಾರ. ನನಗೆ 68. ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ, ಬಲಮಂಡಿ ಆಗಾಗ ತೊಂದರೆ ಕೊಡುತ್ತದೆ, ಅದು ಬಿಟ್ಟರೆ ಆರಾಮಾಗಿದ್ದೇನೆ. ದಿನಾ ವಾಕಿಂಗ್ ಇದೆ. ರಜೆಗೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ದೊಡ್ಡ ಥೀಮ್ ಪಾರ್ಕಿಗೆ ಹೊರಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಆದರೆ ಮಗ ಈಗಲೇ ಹೇಳಿಬಿಟ್ಟ, "ಅಮ್ಮ, ನೀನು ನೆರಳಲ್ಲಿ ಕೂತು ಬ್ಯಾಗ್ ನೋಡ್ಕೋ ಸಾಕು, ಯಾವುದಕ್ಕೂ ಹತ್ತಬೇಡ." ಅವನ ಕಾಳಜಿ ಗೊತ್ತಾಗುತ್ತದೆ. ಆದರೆ ಬೆಂಚಿನ ಮೇಲೆ ಕೂರೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಹೇಳಿ?

ನಮ್ಮ ವಯಸ್ಸಿನವರು ಯಾವುದಕ್ಕೆ ಹತ್ತಬಹುದು, ಯಾವುದನ್ನು ಬಿಡಬೇಕು? ಹೋಗುವ ಮುಂಚೆ ಏನೇನು ನೋಡಿಕೊಳ್ಳಬೇಕು? ಹೋಗಿಬಂದವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರು ಹೇಳಿ. ಮನೆಯಲ್ಲಿರಿ ಅನ್ನುವ ಸಲಹೆ ಮಾತ್ರ ಬೇಡ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ನೇರಮಾತು
ಬೇಜಾರು ಮಾಡ್ಕೋಬೇಡಿ ಅಮ್ಮ, ನಿಮ್ಮ ಮಗ ಹೇಳಿದ್ದು ಸರಿ. ಆ ರೈಡ್‌ಗಳನ್ನು ಮಾಡಿರುವುದೇ ಹುಡುಗರಿಗೆ. ಒಂದು ಸಲ ಸೊಂಟ ಹಿಡಿದುಕೊಂಡರೆ ಆರು ತಿಂಗಳು ಹಾಸಿಗೆ. ಹೋಗಿ, ಮಕ್ಕಳು ಆಡೋದು ನೋಡಿ ಖುಷಿಪಡಿ.

ಗೂಡುಹಕ್ಕಿ
ಅವರು ಬೇಡ ಅಂದ ಸಲಹೆಯನ್ನೇ ಮೊದಲು ಕೊಟ್ಟಿರಲ್ಲ!

ನಮ್ಮ ಅಮ್ಮನಿಗೆ 71. ನಾವು ಕರೆದುಕೊಂಡು ಹೋದಾಗ ಅವರು ಹತ್ತಿದ್ದು ಚಿಕ್ಕ ರೈಲು, ಮೆರ್ರಿ ಗೋ ರೌಂಡ್, ಜೈಂಟ್ ವೀಲ್, ದೋಣಿಯಲ್ಲಿ ಕೂತು ಕತ್ತಲೆ ಗುಹೆಯೊಳಗೆ ಹೋಗುವುದು ಒಂದು. ಅಷ್ಟಕ್ಕೇ ಮನೆಯವರೆಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ಅವರೇ. ಮೆರ್ರಿ ಗೋ ರೌಂಡ್‌ನಲ್ಲಿ ಕುದುರೆ ಮೇಲೇ ಕೂರಬೇಕು ಅಂತ ಏನೂ ಇಲ್ಲ. ಸಾಮಾನ್ಯವಾಗಿ ಸಾರೋಟಿನ ಥರದ ಬೆಂಚೂ ಇರುತ್ತದೆ. ಒಳಗಿನ ಸಾಲಿನಲ್ಲಿ ಕೂತರೆ ಹೊರಗಿನ ಸಾಲಿಗಿಂತ ವೇಗ ಕಡಿಮೆ, ತಲೆ ಸುತ್ತುವುದೂ ಕಡಿಮೆ.

ಹಳಿಮೇಲೆ
ನಾನು ಬಹಳ ವರ್ಷ ರೈಡ್ ಆಪರೇಟರ್ ಆಗಿ ಕೆಲಸ ಮಾಡಿದವನು, ಈಗ ನಿವೃತ್ತಿ. ಮೇಡಂ, ಒಂದು ಮಾತು ಮೊದಲು ಹೇಳಿಬಿಡುತ್ತೇನೆ. ಹಿರಿಯರು ರೈಡ್ ಓಡುವಾಗ ಪೆಟ್ಟು ಮಾಡಿಕೊಂಡಿದ್ದನ್ನು ನಾನು ನೋಡಿದ್ದು ಕಡಿಮೆ. ಹತ್ತುವಾಗ, ಇಳಿಯುವಾಗ ಬಿದ್ದಿದ್ದನ್ನು ನೋಡಿದ್ದೇ ಜಾಸ್ತಿ. ಎಲ್ಲರೂ ರೋಲರ್ ಕೋಸ್ಟರ್ ಅಂತ ಹೆದರುತ್ತಾರೆ. ಕಾಲು ಜಾರುವುದು ದೋಣಿ ರೈಡಿನ ಒದ್ದೆ ಅಂಚಿನಲ್ಲಿ.

ಹತ್ತುವ ಕ್ರಮ ಹೀಗೆ. ನಿಂತುಕೊಂಡು ಒಂದು ಕಾಲು ಒಳಗೆ ಇಟ್ಟು ಇನ್ನೊಂದನ್ನು ಎತ್ತಲು ಹೋಗಬೇಡಿ, ತೂಕ ಎಲ್ಲಾ ಆಗ ಒಂದೇ ಮಂಡಿ ಮೇಲೆ ಬೀಳುತ್ತದೆ. ಸೀಟಿನ ಅಂಚು ಪ್ಲಾಟ್‌ಫಾರ್ಮಿಗೆ ಹತ್ತಿರ ಇದ್ದರೆ ಮೊದಲು ಪಕ್ಕಕ್ಕೆ ಕೂತುಕೊಳ್ಳಿ, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿ. ಹಿಡಿದುಕೊಳ್ಳುವುದು ಸೀಟಿನ ಬೆನ್ನನ್ನು ಅಥವಾ ಕಂಬಿಯನ್ನು. ತೊಡೆಯ ಮೇಲೆ ಬಂದು ಕೂರುವ ಲ್ಯಾಪ್ ಬಾರ್ ಹಿಡಿದು ಭಾರ ಹಾಕಬೇಡಿ, ಲಾಕ್ ಆಗದ ಬಾರ್ ಅಲ್ಲಾಡುತ್ತದೆ. ಇಳಿಯುವಾಗ ಗಾಡಿ ಪೂರ್ತಿ ನಿಲ್ಲಲಿ, ಮೊಮ್ಮಕ್ಕಳು ಮೊದಲು ಇಳಿಯಲಿ, ಒಬ್ಬರು ಹೊರಗೆ ನಿಂತು ಕೈ ಕೊಡಲಿ. ಹಿಂದಿನ ಸಾಲು ಕಾಯುತ್ತಿದೆ ಅಂತ ಅವಸರ ಬೇಡ. ಕಾಯಿಸುವುದು ಆಪರೇಟರ್ ಕೆಲಸ, ನಿಮ್ಮದಲ್ಲ.

ಬೆಳಗಿನಬಿಸಿಲು
ಸರ್, ಇದು ಯಾರೂ ಹೇಳಿರಲಿಲ್ಲ. ಮಂಡಿ ಭಾರದ ವಿಷಯ ನನಗೆ ಸರಿಯಾಗಿ ಅನ್ವಯಿಸುತ್ತದೆ.

ಮೂರನೇಗೇರ್
ನಾನು ಕೋಸ್ಟರ್ ಹುಚ್ಚ. 63 ವಯಸ್ಸು, ಇನ್ನೂ ಹತ್ತುತ್ತೇನೆ. ಎಲ್ಲಾ ಕೋಸ್ಟರ್ ಒಂದೇ ಅಲ್ಲ. ಕುಟುಂಬದವರಿಗೆ ಅಂತ ಮಾಡಿದ್ದರಲ್ಲಿ ಮೈಮೇಲೆ ಬೀಳುವ ಒತ್ತಡ ಸಾಧಾರಣ, ದೊಡ್ಡವುಗಳಲ್ಲಿ ಕ್ಷಣಕಾಲ 4 ಜಿ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಅಂದರೆ ನಿಮ್ಮ ತಲೆ ಆ ಹೊತ್ತಿಗೆ ನಾಲ್ಕು ಪಟ್ಟು ತೂಗುತ್ತದೆ, ಅದನ್ನು ಹೊರುವುದು ಕುತ್ತಿಗೆ. ಮರದ ಹಳಿಯವು ಕುಲುಕುವುದು ಜಾಸ್ತಿ. ಹೊಸ ಉಕ್ಕಿನವು ಸಾಮಾನ್ಯವಾಗಿ ನುಣ್ಣಗೆ ಓಡುತ್ತವೆ.

ಸೀಟು ಆರಿಸಿಕೊಳ್ಳುವುದೂ ಮುಖ್ಯ. ಕಡೇ ಸಾಲು ಬೇಡವೇ ಬೇಡ. ಇಳಿಜಾರಿನಲ್ಲಿ ಮುಂದಿನ ಗಾಡಿಗಳು ಎಳೆದುಕೊಂಡು ಹೋಗುವಾಗ ಹಿಂದಿನವರಿಗೆ ಬೀಳುವ ಹೊಡೆತ ಬೇರೆಯೇ. ಮಧ್ಯದ ಸಾಲು ಒಳ್ಳೆಯದು, ಅದೂ ಚಕ್ರದ ಮೇಲೆ ಬರದ ಸೀಟು. ತಲೆಯನ್ನು ಸೀಟಿಗೆ ಒತ್ತಿ ಇಟ್ಟುಕೊಂಡು ಮುಂದೆ ನೋಡಿ. ಪಕ್ಕಕ್ಕೆ ತಿರುಗಿ ಮೊಮ್ಮಗನ ಮುಖ ನೋಡಲು ಹೋದಾಗಲೇ ಕುತ್ತಿಗೆ ಉಳುಕುವುದು.

ನೇರಮಾತು
ಅಪಾಯ ಇದೆ ಅಂತ ನೀವೇ ಪಟ್ಟಿ ಮಾಡುತ್ತಿದ್ದೀರಿ, ಆದರೂ ಹತ್ತಿ ಅನ್ನುತ್ತೀರಿ.

ಮೂರನೇಗೇರ್
ಎಲ್ಲದಕ್ಕೂ ಹತ್ತಿ ಅಂತ ಎಲ್ಲಿ ಹೇಳಿದೆ? ಯಾವುದು ಅಂತ ಆರಿಸಿಕೊಳ್ಳೋಕೆ ಹೇಳುತ್ತಿದ್ದೇನೆ. ರಸ್ತೆ ದಾಟುವುದರಲ್ಲೂ ಅಪಾಯ ಇದೆ, ದಾಟುವುದನ್ನು ಬಿಟ್ಟಿದ್ದೇವಾ?

ರಾತ್ರಿಪಾಳಿ
ನಾನು ನರ್ಸ್. ಇಬ್ಬರ ಮಾತಿನಲ್ಲೂ ಅರ್ಧ ಅರ್ಧ ಸರಿ ಇದೆ. ವಯಸ್ಸನ್ನು ನೋಡಬೇಡಿ, ಕಾಯಿಲೆಯನ್ನು, ಮಾತ್ರೆಯನ್ನು ನೋಡಿ. 75ರಲ್ಲಿ ಗಟ್ಟಿಯಾಗಿರುವವರು ಇದ್ದಾರೆ, 58ಕ್ಕೇ ಮೂಳೆ ಸವೆದವರೂ ಇದ್ದಾರೆ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ತಲೆ ಕುಲುಕುವ ರೈಡ್‌ಗಳಿಂದ ದೂರ ಇರಿ. ಚಿಕ್ಕ ಪೆಟ್ಟಿಗೂ ತಲೆಯೊಳಗೆ ರಕ್ತ ಸೋರಬಹುದು, ಅದು ಆ ದಿನವೇ ಗೊತ್ತಾಗುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ತಲೆನೋವು, ಮರೆವು, ಒಂದು ಕಡೆ ಬಲ ಕಡಿಮೆಯಾಗುವುದು ಶುರುವಾಗುತ್ತದೆ. ಮನೆಯವರು ವಯಸ್ಸಾಯ್ತು ಅಂತ ಸುಮ್ನೆ ಇದ್ದುಬಿಡುತ್ತಾರೆ. ಹಾಗೆ ಮಾಡಬೇಡಿ, ಡಾಕ್ಟರಿಗೆ ರೈಡಿನ ವಿಷಯವನ್ನೂ ಹೇಳಿ. ಮೂಳೆ ಸವೆತ ಇರುವವರಿಗೆ ಮೇಲಿಂದ ಧೊಪ್ಪನೆ ಇಳಿಸುವ ರೈಡು ಬೇಡ, ಬೆನ್ನುಮೂಳೆ ಕುಸಿಯಬಹುದು. ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು, ರೆಟಿನಾ ತೊಂದರೆ ಇರುವವರು ಕಣ್ಣಿನ ಡಾಕ್ಟರನ್ನು ಕೇಳದೆ ಹತ್ತಬೇಡಿ.

ಬೆಳಗಿನಬಿಸಿಲು ಅಮ್ಮ, ನಿಮ್ಮ ಬಿಪಿ ಮಾತ್ರೆ ಯಾವ ಥರದ್ದು? ಮೂತ್ರ ಜಾಸ್ತಿ ಹೋಗುವಂಥದ್ದಾ?

ಬೆಳಗಿನಬಿಸಿಲು
ಹೌದಮ್ಮ, ಎರಡರಲ್ಲಿ ಒಂದು ಆ ಥರದ್ದು.

ರಾತ್ರಿಪಾಳಿ
ಹಾಗಾದರೆ ನಿಮಗೆ ರೈಡಿಗಿಂತ ಬಿಸಿಲೇ ದೊಡ್ಡ ವಿಷಯ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ, ಬೆವರುವುದೂ ಕಡಿಮೆ. ಅದರ ಜೊತೆ ಈ ಮಾತ್ರೆ ನೀರು ಹೊರಗೆ ಹಾಕುತ್ತದೆ. ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆಯಾದರೂ ಕುಡಿಯಿರಿ. ಅಲರ್ಜಿಯ ಕೆಲವು ಮಾತ್ರೆ, ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಕೆಲವು ಮಾತ್ರೆಗಳು ಬೆವರನ್ನೇ ತಡೆಯುತ್ತವೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕುಡಿಯಿರಿ. ಮಾತ್ರೆಯನ್ನು ನೀವೇ ಬಿಡುವ ಕೆಲಸ ಬೇಡ.

ಜೊತೆಯವರು ಒಂದು ನೆನಪಿಡಿ. ಹಿರಿಯರು ಇದ್ದಕ್ಕಿದ್ದಂತೆ ತಡವರಿಸಿ ಮಾತಾಡಿದರೆ, ಎಲ್ಲಿದ್ದೇವೆ ಅಂತ ಗೊಂದಲವಾದರೆ, ಮೈ ಸುಡುತ್ತಿದ್ದರೆ ಅದು ಸುಸ್ತು ಅಲ್ಲ. ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಬಿಸಿಲಾಘಾತ, ಪ್ರಾಣಕ್ಕೇ ಬರುತ್ತದೆ. ಕೂಡಲೇ ಸಹಾಯಕ್ಕೆ ಕರೆಯಿರಿ. ಅವರು ಬರುವವರೆಗೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಇರಿ.

ಕಾಲ್ನಡಿಗೆ
ನಡೆಯುವ ವಿಷಯ ಯಾರೂ ಎತ್ತಲಿಲ್ಲ ಯಾಕೆ? ದೊಡ್ಡ ಪಾರ್ಕಿನಲ್ಲಿ ಇಡೀ ದಿನ ಇದ್ದರೆ ಹತ್ತು ಕಿಲೋಮೀಟರ್ ಆಗಿಬಿಡುತ್ತದೆ, ಸಾಲಿನಲ್ಲಿ ನಿಲ್ಲುವುದು ಬೇರೆ. ಮಂಡಿಗೆ ನಡೆಯುವುದಕ್ಕಿಂತ ನಿಲ್ಲುವುದೇ ಕಷ್ಟ. ನಾನು 72, ವೀಲ್‌ಚೇರ್ ಬಾಡಿಗೆಗೆ ತಗೊಳ್ಳುತ್ತೇನೆ. ನಡೆಯಲು ಬರುತ್ತದೆ, ಆದರೂ ತಗೊಳ್ಳುತ್ತೇನೆ. ಸಂಜೆಯ ಮೆರವಣಿಗೆ, ದೀಪ ನೋಡುವಷ್ಟು ಶಕ್ತಿ ಉಳಿದಿರುತ್ತದೆ.

ಗೂಡುಹಕ್ಕಿ
ನಮ್ಮ ಅಮ್ಮ ವೀಲ್‌ಚೇರ್ ಅಂದರೆ ಉರಿದುಬೀಳುತ್ತಾರೆ. "ನಾನೇನು ರೋಗಿನಾ?" ಅನ್ನುತ್ತಾರೆ. ಹೇಗೆ ಒಪ್ಪಿಸಿದಿರಿ ಸರ್ ನಿಮ್ಮನ್ನು ನೀವು?

ಕಾಲ್ನಡಿಗೆ
ಮೊದಲು ನಾನೇ ಅದನ್ನು ತಳ್ಳಿಕೊಂಡು ನಡೆಯುತ್ತೇನೆ. ಬ್ಯಾಗೆಲ್ಲ ಅದರ ಮೇಲೆ. ಕಾಲು ಸೋತಾಗ ಕೂರುತ್ತೇನೆ. ತಳ್ಳುವಾಗ ಹಿಡಿದುಕೊಳ್ಳಲು ಆಸರೆಯೂ ಆಯಿತು. ಅಮ್ಮನಿಗೂ ಹೀಗೇ ಶುರುಮಾಡಿಸಿ ನೋಡಮ್ಮ, ರೋಗಿ ಅನ್ನುವ ಮಾತು ಬರುವುದಿಲ್ಲ. ಇಳಿಜಾರಿನಲ್ಲಿ ತಳ್ಳುವವರು ಗಾಡಿಯನ್ನು ಹಿಮ್ಮುಖ ತಿರುಗಿಸಿ ನಿಧಾನ ಇಳಿಸಬೇಕು, ಕೂರುವಾಗ ಏಳುವಾಗ ಬ್ರೇಕ್ ಹಾಕಿರಬೇಕು.

ಹಳಿಮೇಲೆ
ಸಾಲಿನ ಬಗ್ಗೆ: ಬಹಳ ಪಾರ್ಕುಗಳಲ್ಲಿ ತುಂಬಾ ಹೊತ್ತು ನಿಲ್ಲಲಾಗದವರಿಗೆ ಬೇರೆ ವ್ಯವಸ್ಥೆ ಇರುತ್ತದೆ, ಆದರೆ ನಿಯಮ ಒಂದೊಂದು ಕಡೆ ಒಂದೊಂದು ಥರ, ಆಗಾಗ ಬದಲಾಗುತ್ತಲೂ ಇರುತ್ತದೆ. ಹಿಂದೆ ಸಿಕ್ಕಿತ್ತು ಅಂತ ಈಗಲೂ ಸಿಗುತ್ತದೆ ಅಂದುಕೊಳ್ಳಬೇಡಿ. ಹೋಗುವ ಮುಂಚೆಯೇ ಕೇಳಿ.

ಇನ್ನೊಂದು. ರೈಡ್ ಮಧ್ಯದಲ್ಲಿ ನಿಂತುಬಿಟ್ಟರೆ ಏನು ಅಂತ ಯಾರೂ ಕೇಳುವುದಿಲ್ಲ. ಸೆನ್ಸರ್‌ಗೆ ಏನೋ ಸರಿ ಕಾಣದಿದ್ದರೆ ಗಾಡಿ ತಾನೇ ನಿಲ್ಲುತ್ತದೆ, ಅದು ಸುರಕ್ಷತೆಗೇ ಮಾಡಿದ್ದು. ಆದರೆ ಕೆಲವೊಮ್ಮೆ ಹಳಿ ಪಕ್ಕದ ಕಿರಿದಾದ ಕಬ್ಬಿಣದ ಮೆಟ್ಟಿಲು ಇಳಿದು ಬರಬೇಕಾಗುತ್ತದೆ. ಕೆಳಗೆಲ್ಲ ಕಾಣುವ ಜಾಲರಿ ಮೆಟ್ಟಿಲು. ಮಂಡಿ ತೊಂದರೆ ಇರುವವರು ಹತ್ತುವ ಮುಂಚೆಯೇ "ನಿಂತರೆ ಹೇಗೆ ಇಳಿಸುತ್ತೀರಿ?" ಅಂತ ಆಪರೇಟರನ್ನು ಕೇಳಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಉತ್ತರ ಅವರಿಗೆ ಗೊತ್ತಿರಲೇಬೇಕು.

ಬೆಳಗಿನಬಿಸಿಲು
ಅಯ್ಯೋ, ಜಾಲರಿ ಮೆಟ್ಟಿಲು ನನ್ನ ಕೈಲಾಗಲ್ಲ. ಎತ್ತರದವು ಹಾಗಾದರೆ ಬಿಟ್ಟೆ.

ಹಳೇಛತ್ರಿ
ಪೇಸ್‌ಮೇಕರ್ ಇದ್ದವರ ಕಥೆ ಏನು? ನಮ್ಮ ಯಜಮಾನರಿಗೆ ಇದೆ. ಬೋರ್ಡಿನಲ್ಲಿ ಅಯಸ್ಕಾಂತ ಅಂತ ಬರೆದಿತ್ತು, ಹೆದರಿ ಎಲ್ಲದರಿಂದಲೂ ದೂರ ನಿಂತರು.

ಮೂರನೇಗೇರ್
ಅಕ್ಕ, ಕೆಲವು ಕೋಸ್ಟರ್‌ಗಳನ್ನು ಮುಂದಕ್ಕೆ ತಳ್ಳುವುದೇ ವಿದ್ಯುತ್ ಅಯಸ್ಕಾಂತ, ಸರಪಣಿ ಅಲ್ಲ. ನಿಂತಲ್ಲಿಂದ ಬಾಣದ ಹಾಗೆ ಹೊರಡುತ್ತವಲ್ಲ, ಅವು. ಬ್ರೇಕಿನಲ್ಲೂ ಅಯಸ್ಕಾಂತ ಇರುತ್ತದೆ. ಲೋಹದ ಪಟ್ಟಿ ಅದರ ನಡುವೆ ಹಾದುಹೋದಾಗ ಮುಟ್ಟದೇ ವೇಗ ಇಳಿಯುತ್ತದೆ, ಕರೆಂಟು ಹೋದರೂ ಕೆಲಸ ಮಾಡುತ್ತದೆ. ಬೋರ್ಡು ಹಾಕುವುದು ಅದಕ್ಕೇ. ಎಲ್ಲ ರೈಡಿನಲ್ಲೂ ಇದು ಇರುವುದಿಲ್ಲ.

ರಾತ್ರಿಪಾಳಿ
ಪೇಸ್‌ಮೇಕರಿಗೆ ಬಲವಾದ ಅಯಸ್ಕಾಂತ ತೀರಾ ಹತ್ತಿರ ಬಂದರೆ ಅದು ಒಂದೇ ಲಯದಲ್ಲಿ ಬಡಿಯುವ ಸ್ಥಿತಿಗೆ ಹೋಗಬಹುದು. ದೂರ ಸರಿದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಎದೆಬಡಿತ ಅಪಾಯಕಾರಿಯಾಗಿ ತಪ್ಪಿದಾಗ ಒಳಗಿಂದಲೇ ಶಾಕ್ ಕೊಟ್ಟು ಸರಿಮಾಡುವ ಸಾಧನ ಹಾಕಿಸಿಕೊಂಡವರಲ್ಲಿ, ಅಷ್ಟು ಹೊತ್ತು ಆ ರಕ್ಷಣೆ ನಿಂತಿರಬಹುದು. ಸಾಧನ ಹಾಕಿದ ಆಸ್ಪತ್ರೆಯಲ್ಲಿ ಕಂಪನಿ, ಮಾದರಿ ಹೇಳಿ ಕೇಳುವುದೇ ಸರಿ. ಹೊಸದಾಗಿ ಹಾಕಿಸಿಕೊಂಡವರು ಕೈ ಮೇಲೆತ್ತಿ ಹಿಡಿಯುವ ರೈಡು ಬೇಡ, ತಂತಿ ಸರಿಯುವ ಭಯ ಇರುತ್ತದೆ. ಭುಜದ ಮೇಲಿಂದ ಬರುವ ಹಾರ್ನೆಸ್ ಕೂಡ ಆ ಜಾಗಕ್ಕೇ ಒತ್ತುತ್ತದೆ.

ಆದರೆ ಯಜಮಾನರು ಜೈಂಟ್ ವೀಲ್‌ನಿಂದಲೂ ದೂರ ನಿಂತಿದ್ದರೆ ಅದು ಬೇಕಿರಲಿಲ್ಲ.

ತಿರುಗುಮುರುಗು
ಹೃದಯದ ಮಾತು ಬಂತಲ್ಲ. ಜರ್ಮನಿಯ ಡಾಕ್ಟರುಗಳು ಆರೋಗ್ಯವಂತರನ್ನೇ ಕೋಸ್ಟರಿನಲ್ಲಿ ಕೂರಿಸಿ ಎದೆಬಡಿತ ಅಳೆದಿದ್ದರು, 2005ರಲ್ಲಿ ಅಮೆರಿಕದ ಹೃದ್ರೋಗ ಸಮ್ಮೇಳನದಲ್ಲಿ ಮಂಡಿಸಿದರು. ನಿಮಿಷಕ್ಕೆ 90ರ ಆಸುಪಾಸಿನಲ್ಲಿದ್ದದ್ದು 150 ದಾಟಿತ್ತು. ಓಡಿಲ್ಲ, ಭಾರ ಎತ್ತಿಲ್ಲ, ಬರೀ ಕೂತಿದ್ದಾರೆ! ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಇದು ಆಟ ಅಲ್ಲ.

ನೇರಮಾತು
ಇದನ್ನೇ ನಾನು ಮೊದಲಿಂದ ಹೇಳುತ್ತಿರುವುದು.

ತಿರುಗುಮುರುಗು
ಅದು ಕೋಸ್ಟರಿನ ಮಾತು ಸರ್, ಇಡೀ ಪಾರ್ಕಿನದ್ದಲ್ಲ.

ಕೋಸ್ಟರ್ ಅಂದಕೂಡಲೇ ಇನ್ನೊಂದು ನೆನಪಾಯಿತು, ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಕಿಡ್ನಿಯ ಮಾದರಿಯೊಳಗೆ ನಿಜವಾದ ಕಲ್ಲು ಇಟ್ಟು ಡಿಸ್ನಿಯ ಬಿಗ್ ಥಂಡರ್ ಮೌಂಟನ್ ಕೋಸ್ಟರಿನಲ್ಲಿ ಸುತ್ತಿಸಿದ್ದರು. 2016ರಲ್ಲಿ ಪ್ರಕಟವಾಯಿತು. ಹಿಂದಿನ ಸೀಟಿನಲ್ಲಿ ಇಟ್ಟಾಗ ಸುಮಾರು 64 ಪ್ರತಿಶತ ಸಲ ಕಲ್ಲು ಜಾರಿ ಹೊರಬಂತು, ಮುಂದಿನ ಸೀಟಿನಲ್ಲಿ ಸುಮಾರು 17. ಇದಕ್ಕೆ 2018ರಲ್ಲಿ ಇಗ್ ನೊಬೆಲ್ ಕೂಡ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು.

ಹಳೇಛತ್ರಿ
ನಿಜವಾಗಲೂನಾ? ನಮ್ಮ ತಂಗಿಗೆ ಕಿಡ್ನಿ ಕಲ್ಲಿದೆ!

ರಾತ್ರಿಪಾಳಿ
ದಯವಿಟ್ಟು ತಂಗಿಯನ್ನು ಕಳಿಸಬೇಡಿ ಅಕ್ಕ. ಚಿಕ್ಕ ಕಲ್ಲು, ಅದೂ ಮಾದರಿಯಲ್ಲಿ ಮಾಡಿದ ಪರೀಕ್ಷೆ ಅದು. ದೊಡ್ಡ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ತಡೆಯಲಾಗದ ನೋವು.

ಮೂರನೇಗೇರ್
ಆದರೆ ನಾನು ಹೇಳಿದ ಮಾತಿಗೆ ಒಳ್ಳೇ ಸಾಕ್ಷಿ ಸಿಕ್ಕಿತು. ಹಿಂದಿನ ಸೀಟು ಅಷ್ಟು ಕುಲುಕುತ್ತದೆ!

ಕೈಕಾಲು
ಫಿಸಿಯೋಥೆರಪಿ ಮಾಡುವವಳು ನಾನು. ಎಲ್ಲರೂ ಕೋಸ್ಟರಿನ ಹಿಂದೆ ಬಿದ್ದಿದ್ದೀರಿ. ನಾನು ತುಂಬಾ ಹೆದರುವುದು ಡ್ಯಾಶಿಂಗ್ ಕಾರಿಗೆ. ನೆಲದ ಮೇಲೇ ಇದೆ, ನಿಧಾನ, ಏನೂ ಆಗಲ್ಲ ಅಂತ ಅಜ್ಜಿ ತಾತಂದಿರನ್ನು ಕೂರಿಸುತ್ತಾರೆ. ಕೋಸ್ಟರಿನಲ್ಲಿ ತಿರುವು ಬರುವುದು ಕಾಣುತ್ತದೆ, ಮೈ ಬಿಗಿಯಾಗುತ್ತದೆ. ಇಲ್ಲಿ ಹಿಂದಿನಿಂದ ಗೊತ್ತಿಲ್ಲದೆ ಗುದ್ದುತ್ತಾರೆ, ಕುತ್ತಿಗೆ ಸಡಿಲವಾಗಿದ್ದಾಗ. ಕುತ್ತಿಗೆ ಸವೆತ ಇರುವವರು ಇದಕ್ಕೆ ಹತ್ತಲೇಬೇಡಿ.

ಸೊಂಟದ ಕೀಲು ಬದಲಿಸಿಕೊಂಡವರು ಸೀಟಿನ ಎತ್ತರ ನೋಡಿ. ಬಹಳ ಗಾಡಿಗಳಲ್ಲಿ ಸೀಟು ತೀರಾ ಕೆಳಗೆ. ಮಂಡಿ ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕೂತರೆ ಕೀಲು ಜಾರುವ ಅಪಾಯ, ಆಪರೇಷನ್ ಆದ ಹೊಸದರಲ್ಲಂತೂ ಇನ್ನೂ ಜಾಸ್ತಿ. ತಲೆ ಸುತ್ತುವ ತೊಂದರೆ ಇರುವವರು ಕಪ್ ಸಾಸರ್ ಥರ ತಿರುಗುವುದು, ಕೊಲಂಬಸ್ ಎರಡನ್ನೂ ಬಿಡಿ. ಪರದೆ ಮುಂದೆ ಸೀಟು ಅಲ್ಲಾಡಿಸುವ ಸಿಮ್ಯುಲೇಟರ್ ಕೂಡ ಅಷ್ಟೇ. ಕಣ್ಣು ಹಾರುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇಲ್ಲ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಆಗ ಪರದೆ ಬಿಟ್ಟು ಪಕ್ಕದ ಗೋಡೆ ನೋಡಿ.

ಗೂಡುಹಕ್ಕಿ
ಡ್ಯಾಶಿಂಗ್ ಕಾರು!! ನಾವು ಅಮ್ಮನಿಗೆ ಇದೊಂದು ಸೇಫ್ ಅಂತಿದ್ದೆವು. ಒಳ್ಳೇದಾಯ್ತು ಹೇಳಿದ್ದು.

ಓದುಕನ್ನಡಕ
ಕನ್ನಡಕದ ಬಗ್ಗೆ ನಾನು ಹೇಳಲೇಬೇಕು. ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸು ಹಾಕುವವರಿಗೆ ಮೆಟ್ಟಿಲು ಇಳಿಯುವಾಗ ಕೆಳಭಾಗದಿಂದ ನೋಡಿದರೆ ಅಂಚು ಮಸುಕು. ಕತ್ತಲೆ ರೈಡಿನಿಂದ ಹೊರಬರುವ ಜಾಗದಲ್ಲಿ ಮೆಟ್ಟಿಲಿಗೆ ಬಳಿದ ಹಳದಿ ಪಟ್ಟಿ ಎರಡಾಗಿ ಕಂಡಿತು ನನಗೆ. ಗಲ್ಲ ಕೆಳಗೆ ಇಳಿಸಿ ಗ್ಲಾಸಿನ ಮೇಲ್ಭಾಗದಿಂದ ನೋಡಿದರೆ ಸರಿ ಕಾಣುತ್ತದೆ. ಬಿಸಿಲಿನಿಂದ ಕತ್ತಲೆಗೆ ಹೋದಾಗಲೂ ನಮ್ಮ ಕಣ್ಣಿಗೆ ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕು. ಬಾಗಿಲ ಒಳಗೆ ಪಕ್ಕಕ್ಕೆ ನಿಂತು ಕಣ್ಣು ಕಾಣುವವರೆಗೆ ಕಾಯಿರಿ. ಹಿಂದಿನವರು ಮುಂದೆ ಹೋಗಲಿ.

ಕಿವಿ ಯಂತ್ರ, ಹಲ್ಲು ಸೆಟ್ಟು ಸಡಿಲ ಇದ್ದರೆ ರೈಡಿಗೆ ಮುಂಚೆ ತೆಗೆದು ಪೆಟ್ಟಿಗೆಯಲ್ಲಿಡಿ. ಆದರೆ ಕಿವಿ ಯಂತ್ರ ತೆಗೆಯುವ ಮೊದಲೇ ಆಪರೇಟರ್ ಸೂಚನೆ ಪೂರ್ತಿ ಕೇಳಿಸಿಕೊಳ್ಳಿ.

ಹಳಿಮೇಲೆ
ಕೊನೇ ಮಾತು ಚಿನ್ನದಂಥದ್ದು.

ಸಣ್ಣಅಲೆ
ನೀರಿನ ಆಟದ ಬಗ್ಗೆ? ನಮ್ಮ ಅತ್ತೆಗೆ ನೀರಂದ್ರೆ ಪ್ರಾಣ. ವೇವ್ ಪೂಲ್‌ಗೆ ಇಳಿಸಬಹುದಾ?

ಕೈಕಾಲು
ದಡದಲ್ಲಿ ಕಾಲು ಮುಳುಗುವಷ್ಟಕ್ಕೆ ಸರಿ. ಸೊಂಟದ ಮಟ್ಟಕ್ಕೆ ಹೋದರೆ ಅಲೆ ಎತ್ತಿಹಾಕುತ್ತದೆ, ಪಕ್ಕದವರೂ ಮೈಮೇಲೆ ಬೀಳುತ್ತಾರೆ. ನಿಧಾನ ಹರಿಯುವ ಲೇಜಿ ರಿವರ್ ಹಿರಿಯರಿಗೆ ಬಹಳ ಹಿತ, ಆದರೆ ಟ್ಯೂಬಿನಿಂದ ಏಳುವುದೇ ಕಷ್ಟ. ಇಬ್ಬರು ಹಿಡಿದುಕೊಳ್ಳಿ, ಮೆಟ್ಟಿಲಿರುವ ಕಡೆಯೇ ಇಳಿಯಿರಿ. ಜಾರುಬಂಡೆಯಲ್ಲಿ ಕೊನೆಗೆ ನೀರಿಗೆ ಬಡಿಯುವಾಗ ಬೆನ್ನಿಗೆ ಪೆಟ್ಟು, ಬೆನ್ನುನೋವಿನವರು ಬಿಡಿ. ಹಿಡಿತ ಇರುವ ನೀರಿನ ಚಪ್ಪಲಿ ಹಾಕಿಸಿ, ಬರಿಗಾಲಲ್ಲಿ ಬಿಡಬೇಡಿ.

ಹಳೇಛತ್ರಿ
ಇನ್ಸುಲಿನ್ ತಗೊಳ್ಳುವವರು ಯಾರಾದರೂ ಇದ್ದೀರಾ? ಬಿಸಿಲಲ್ಲಿ ಬ್ಯಾಗಿನಲ್ಲಿ ಇಟ್ಟರೆ ಕೆಡುತ್ತದಂತೆ.

ರಾತ್ರಿಪಾಳಿ
ಹೌದು, ಬಿಸಿಗೆ ಅದರ ಶಕ್ತಿ ಹೋಗುತ್ತದೆ. ತಣ್ಣಗಿಡುವ ಚಿಕ್ಕ ಚೀಲದಲ್ಲಿ ಇಡಿ, ಆದರೆ ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು. ಇನ್ನೊಂದು, ಅಭ್ಯಾಸಕ್ಕಿಂತ ಜಾಸ್ತಿ ನಡೆದರೆ ಸಕ್ಕರೆ ಇಳಿಯುತ್ತದೆ. ಗ್ಲೂಕೋಸ್ ಜೇಬಿನಲ್ಲೇ ಇರಲಿ, ಲಾಕರಿನಲ್ಲಿ ಅಲ್ಲ. ಮಾತ್ರೆಗಳ ಹೆಸರು, ಮನೆಯವರ ನಂಬರು ಬರೆದ ಚೀಟಿಯೂ ಮೈಮೇಲೆ ಇರಲಿ.

ನೇರಮಾತು
ಸರಿ, ಡ್ಯಾಶಿಂಗ್ ಕಾರು, ಬಿಸಿಲು, ಮೆಟ್ಟಿಲು ಇದೆಲ್ಲ ನನಗೆ ಹೊಳೆದಿರಲಿಲ್ಲ. ಆದರೂ ಕೇಳುತ್ತೇನೆ, ಪಾರ್ಕಿನವರೇ ಯಾಕೆ 60 ದಾಟಿದವರಿಗೆ ಬೇಡ ಅಂತ ಬೋರ್ಡು ಹಾಕಬಾರದು?

ಹಳಿಮೇಲೆ
ಜಪಾನಿನ ಕೆಲವು ಪಾರ್ಕುಗಳಲ್ಲಿ ದೊಡ್ಡ ರೈಡ್‌ಗಳಿಗೆ ಮೇಲಿನ ವಯಸ್ಸಿನ ಮಿತಿ ಇದೆ. ಬೇರೆ ಬಹಳ ಕಡೆ ಇಲ್ಲ, ಅಲ್ಲಿ ಕೇಳುವುದು ಹೃದಯ, ಬೆನ್ನು, ಕುತ್ತಿಗೆ, ಇತ್ತೀಚಿನ ಆಪರೇಷನ್. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಹುಟ್ಟಿದ ವರ್ಷ ನೋಡಿ ಕುತ್ತಿಗೆ ಹೇಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಬೋರ್ಡು ಓದುವುದು ಮಾತ್ರ ನಮ್ಮ ಜವಾಬ್ದಾರಿ. ಸಾಲಿನ ಶುರುವಿನಲ್ಲೇ ಇರುತ್ತದೆ, ಯಾರೂ ನಿಂತು ಓದುವುದಿಲ್ಲ. ಅದರ ಪಕ್ಕದಲ್ಲೇ ಗಾಡಿಯ ಮಾದರಿ ಸೀಟು ಇಟ್ಟಿದ್ದರೆ ಕೂತು ನೋಡಿ, ಮಂಡಿ ಮಡಚುತ್ತದಾ, ಏಳಲು ಆಗುತ್ತದಾ ಅಂತ.

ಬೆಳಗಿನಬಿಸಿಲು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಇದನ್ನೆಲ್ಲ ಓದಿಸಿದೆ. ಡಾಕ್ಟರನ್ನು ಕೇಳಿಬಿಡೋಣ ಅಂದ, ನಾಳಿದ್ದು ಹೋಗುತ್ತಿದ್ದೇವೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ, ಬಿಸಿಲು ಏರಿದಾಗ ಒಳಗಿನ ಪ್ರದರ್ಶನಗಳಲ್ಲಿ ಕೂತು, ಸಂಜೆ ಮತ್ತೆ ಹೊರಗೆ ಅಂತ ಮಾಡಿಕೊಂಡಿದ್ದೇವೆ. ವೀಲ್‌ಚೇರ್ ನಾನೇ ತಳ್ಳಿಕೊಂಡು ಹೋಗುತ್ತೇನೆ, ಕಾಲ್ನಡಿಗೆಯವರ ಉಪಾಯ ಹಿಡಿಸಿತು. ರೈಲು, ಜೈಂಟ್ ವೀಲ್, ಮೆರ್ರಿ ಗೋ ರೌಂಡ್, ದೋಣಿ. ಕೋಸ್ಟರ್ ಬಿಟ್ಟೆ, ಬೇಜಾರಿಲ್ಲ.

ಒಂದೇ ಸಂಶಯ ಉಳಿದಿದೆ. ಜೈಂಟ್ ವೀಲ್ ಮತ್ತು ಕೆಲವು ಕತ್ತಲೆ ರೈಡ್‌ಗಳು ನಿಲ್ಲುವುದೇ ಇಲ್ಲವಂತೆ, ಚಲಿಸುತ್ತಿರುವಾಗಲೇ ಹತ್ತಬೇಕಂತೆ. ನನ್ನ ಮಂಡಿಗೆ ಅದು ಆಗುತ್ತದಾ?

ಹಳಿಮೇಲೆ
ಹತ್ತುವ ಜಾಗಕ್ಕೆ ಬರುವ ಮುಂಚೆ, ಸಾಲಿನಲ್ಲೇ ಮೊದಲು ಸಿಗುವ ಸಿಬ್ಬಂದಿಗೆ "ನಿಧಾನ ಮಾಡಿ, ಮಂಡಿ ನೋವಿದೆ" ಅಂತ ಹೇಳಿ. ನಿಧಾನ ಮಾಡಲು ಅಥವಾ ನಿಲ್ಲಿಸಲು ಆಗುವ ರೈಡ್ ಆದರೆ ಮಾಡುತ್ತಾರೆ, ಆಗದಿದ್ದರೆ ಅಲ್ಲೇ ಹೇಳಿಬಿಡುತ್ತಾರೆ. ಕಾಲು ಎತ್ತಿದ ಮೇಲೆ ಹೇಳಿದರೆ ಅವರಿಗೂ ಹೊತ್ತು ಸಿಗುವುದಿಲ್ಲ. ಇಳಿಯುವ ಕಡೆ ಇರುವವರು ಬೇರೆ ಆಗಿರಬಹುದು, ಅವರಿಗೂ ತಿಳಿಸಿ ಅಂತ ಹತ್ತಿಸುವವರಿಗೇ ಹೇಳಿಬಿಡಿ ಮೇಡಂ.